ಊರಸೇವೆಗೆ ಸಿಕ್ಕ ದನಿ

ನಮ್ಮ ಊರಿನ ಮಾರ್ಕೆಟ್ಟಿನ ಪಾಯಿಖಾನೆ ಅಮೃತಶಿಲೆಯದು. ಬೇರೆ ಊರಿನಿಂದ ಬಂದವರು ಅದನ್ನು ದೇವಸ್ಥಾನವೆಂದುಕೊಂಡು ಚಪ್ಪಲಿ ಬಿಟ್ಟು ಒಳಗೆ ಹೋಗುತ್ತಾರೆ, ಆಮೇಲೆ ಮುಖ ಸಣ್ಣದು ಮಾಡಿಕೊಂಡು ಹೊರಗೆ ಬರುತ್ತಾರೆ. ಬಹಳ ಹಿಂದೆ ಅದಕ್ಕೆ ಸುಣ್ಣ ಬಳಿದ ಆನರ್ಸಿನ ಹುಡುಗ ಈಗ ಯಾವುದೋ ದೇಶದಲ್ಲಿ ರಾಯಭಾರಿ. ಅವನು ಒಂದೊಂದು ಮೆಟ್ಟಿಲು ಏರಿದಾಗಲೂ ಇದಕ್ಕೆ ಒಂದೊಂದು ಕಂಬ ಬಂತು. ಈಗ ಅದು ಎಷ್ಟು ಚೆಂದವಿದೆಯೆಂದರೆ ಊರವರಿಗೆ ಒಳಗೆ ಕೂರಲು ಮನಸ್ಸೇ ಬರುವುದಿಲ್ಲ. ಅದರ ಹಿಂದಕ್ಕೆ ಹೋಗುತ್ತಾರೆ.

ಊರಿನ ಪಕ್ಕದ ದಿಬ್ಬದ ಮೇಲೆ ವಿಶ್ವವಿದ್ಯಾಲಯವಿದೆ. ಅಲ್ಲಿ ಆನರ್ಸ್ ಓದುವವರು ಪದವಿ ತೆಗೆದುಕೊಳ್ಳುವ ಮೊದಲು ಊರಿಗೆ ಒಂದು ಕೆಲಸ ಮಾಡಿಕೊಡಬೇಕು. ಅದಕ್ಕೆ ಊರಸೇವೆ ಎಂದು ಹೆಸರು. ಮಾಡಿದವರು ಗಂಟುಮೂಟೆ ಕಟ್ಟಿಕೊಂಡು ಹೋಗುತ್ತಾರೆ, ಕೆಲಸ ನಮ್ಮಲ್ಲಿ ಉಳಿಯುತ್ತದೆ. ಅವರ ದೆಸೆ ಹೇಗೋ ಆ ಕೆಲಸದ ದೆಸೆಯೂ ಹಾಗೆ. ಚೌಕದ ಗಡಿಯಾರ ರಿಪೇರಿ ಮಾಡಿದ ಹುಡುಗಿ ನ್ಯಾಯಾಧೀಶೆಯಾದಳು. ಗಡಿಯಾರ ನಿಮಿಷ ತಪ್ಪದೆ ನಡೆಯುತ್ತದೆ, ಕೋರ್ಟಿಗೆ ಬೇಸಿಗೆ ರಜೆ ಬಂದಾಗ ಮಾತ್ರ ನಿಲ್ಲುತ್ತದೆ. ಹಳ್ಳಕ್ಕೆ ಕಾಲುಸೇತುವೆ ಕಟ್ಟಿದ ಹುಡುಗ ವ್ಯಾಪಾರದಲ್ಲಿ ಕೈಸುಟ್ಟುಕೊಂಡು ಮಾವನ ಮನೆಯ ಜಗಲಿ ಸೇರಿದ. ಅಂದಿನಿಂದ ಸೇತುವೆಯ ನಡು ಬಗ್ಗಿದೆ, ಒಬ್ಬರಾದ ಮೇಲೆ ಒಬ್ಬರು ದಾಟುತ್ತೇವೆ, ದಾಟುವಾಗ ಆ ಮಾವನನ್ನು ಬೈಯುತ್ತೇವೆ. ದೊಡ್ಡ ಹುದ್ದೆಯಲ್ಲಿ ಇರುವಾಗಲೇ ಯಾರಾದರೂ ತೀರಿಕೊಂಡರೆ ಅವರು ಮಾಡಿದ ಕೆಲಸ ಅವತ್ತು ಹೇಗಿತ್ತೋ ಹಾಗೇ ನಿಂತುಬಿಡುತ್ತದೆ. ಅದಕ್ಕೆ ‘ಕಾಯಂ ಆಯಿತು’ ಅನ್ನುತ್ತೇವೆ. ಆಸ್ಪತ್ರೆಯ ಬಾವಿ ಕಾಯಂ ಆದ ದಿನ ಆ ಬೀದಿಯವರು ಸಕ್ಕರೆ ಹಂಚಿದರು. ಹಂಚಿ ಮುಗಿದ ಮೇಲೆ ನೆನಪಾಗಿ ಮುಖ ಸಪ್ಪೆ ಮಾಡಿಕೊಂಡರು.

ಬೇರೆ ಊರುಗಳಲ್ಲಿ ಹಳೆವಿದ್ಯಾರ್ಥಿ ಸಂಘವನ್ನು ಹಳೆವಿದ್ಯಾರ್ಥಿಗಳೇ ನಡೆಸುತ್ತಾರಂತೆ. ನಮ್ಮಲ್ಲಿ ಅಷ್ಟು ದೊಡ್ಡ ವಿಷಯವನ್ನು ಅವರ ಕೈಗೆ ಬಿಡುವುದಿಲ್ಲ, ಊರವರೇ ನಡೆಸುತ್ತಾರೆ. ಯಾರಿಗೆ ಮೈ ಹುಷಾರಿಲ್ಲ, ಯಾರ ಸಂಸಾರದಲ್ಲಿ ಕಿರಿಕಿರಿ, ಯಾರ ಬಡ್ತಿ ಎಲ್ಲಿ ಸಿಕ್ಕಿಕೊಂಡಿದೆ ಎಂದು ವಿಚಾರಿಸಿ ಲೇಹ್ಯ ಕಳಿಸುವುದು, ಉಪ್ಪಿನಕಾಯಿ ಕಳಿಸುವುದು, ಗಂಡಹೆಂಡಿರ ನಡುವೆ ರಾಜಿ ಮಾಡಿಸುವುದು ಸಂಘದ ಕೆಲಸ. ಅಧ್ಯಕ್ಷ ಹಾಲಪ್ಪನವರು ಪಾಯಿಖಾನೆಯ ಎದುರಿಗೇ ಲಾಡ್ಜ್ ಇಟ್ಟಿದ್ದಾರೆ. ‘ಅಮೃತಶಿಲೆಯ ನೋಟವುಳ್ಳ ಕೋಣೆಗಳು’ ಎಂದು ಬೋರ್ಡು. ಹಳೆವಿದ್ಯಾರ್ಥಿಗಳ ಮೇಲಧಿಕಾರಿಗಳಿಗೆ ಫೋನು ಮಾಡಿ ಶಿಫಾರಸು ಹೇಳುವ ಚಟ ಅವರಿಗೆ. “ನಮ್ಮ ಹುಡುಗ ಬಂಗಾರದಂಥೋನು ಸಾರ್, ಒಂದು ಕಣ್ಣಿಟ್ಟಿರಿ” ಅನ್ನುತ್ತಾರೆ. ಹಾಲಪ್ಪ ಯಾರೆಂದು ಆ ಕಡೆಯವರಿಗೆ ಗೊತ್ತಿರುವುದಿಲ್ಲ. ಆದರೂ ಅಷ್ಟು ಜೋರಾಗಿ ಮಾತಾಡುವವನು ಯಾರೋ ದೊಡ್ಡವನೇ ಇರಬೇಕೆಂದು ಆಗಲಿ ಅನ್ನುತ್ತಾರೆ.

ನಾನು ಶಾಕಾಂಬರಿ. ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಕೂಗುವುದು ನನ್ನ ಕೆಲಸ. ಯಾವ ಬಸ್ಸು, ಯಾವ ಊರಿಗೆ, ಎಲ್ಲೆಲ್ಲಿ ನಿಲ್ಲುತ್ತದೆ ಎಂದು ಕೂಗುತ್ತೇನೆ, ಜನ ಓಡಿ ಹತ್ತುತ್ತಾರೆ. ಪಾಯಿಖಾನೆ, ಗಡಿಯಾರ, ಸೇತುವೆಗಳ ಸಾಲಿನಲ್ಲಿ ನಾನೂ ಒಬ್ಬಳು. ನನ್ನ ದನಿಯೂ ಒಂದು ಊರಸೇವೆ.

ಚಿಕ್ಕಂದಿನಲ್ಲಿ ಮಾತು ನನ್ನ ಬಾಯಿಯ ತನಕ ಬಂದು ಹೊಸ್ತಿಲಲ್ಲೇ ನಿಂತುಬಿಡುತ್ತಿತ್ತು. ಉಗ್ಗು. ಹೆಸರು ಕೇಳಿದವರು ಒಂದು ‘ಶಾ’ ಕೇಳಿಸಿಕೊಂಡು, ಎರಡನೆಯ ‘ಶಾ’ ಕೇಳಿಸಿಕೊಂಡು, ಮೂರನೆಯದಕ್ಕೆ “ಶಾಂತಾನಾ? ಒಳ್ಳೇದು” ಎಂದು ತಾವೇ ಮುಗಿಸಿ ಹೋಗುತ್ತಿದ್ದರು. ಹೀಗೆ ನಾನು ಒಂದು ವರ್ಷ ಶಾಲೆಯಲ್ಲಿ ಶಾಂತಾ ಆಗಿಯೇ ಇದ್ದೆ. ಅವ್ವ ಬಸ್‌ಸ್ಟ್ಯಾಂಡಿನಲ್ಲಿ ಬೇಯಿಸಿದ ಕಡಲೆಕಾಯಿ ಮಾರುತ್ತಿದ್ದಳು, ಈಗಲೂ ಮಾರುತ್ತಾಳೆ. ಆ ವರ್ಷದ ಗಾಳಿಗೆ ನಮ್ಮ ಮನೆಯ ಹೆಂಚು ಹಾರಿಹೋಗಿದ್ದವು. ಊರಸೇವೆಯ ಹಂಚಿಕೆಯ ದಿನ ಅವ್ವ ನನ್ನ ಕೈ ಹಿಡಿದುಕೊಂಡು ದಿಬ್ಬ ಹತ್ತಿದಳು.

ಹಂಚಿಕೆಯ ದಿನ ಊರವರು ಮುರಿದದ್ದು, ಸೋರುವುದು, ಕೆಟ್ಟು ನಿಂತದ್ದು ಎಲ್ಲವನ್ನೂ ವಿಶ್ವವಿದ್ಯಾಲಯದ ಬಯಲಿಗೆ ಹೊತ್ತು ತರುತ್ತಾರೆ. ರಾಟೆ, ಬಾಗಿಲು, ತೊಟ್ಟಿಲು, ಒಮ್ಮೆ ಒಂದು ಎಮ್ಮೆ. ಹೊರಲಾಗದ್ದನ್ನು ಹೇಳಿಕೊಳ್ಳುತ್ತಾರೆ. ರ‍್ಯಾಂಕಿನ ಹುಡುಗರು ದೊಡ್ಡ ಮನುಷ್ಯರ ಕೆಲಸಕ್ಕೆ ಹೋಗುತ್ತಾರೆ, ಮುಂದೆ ಬರುವವರು ಅವರೇ ಎಂದು ಎಲ್ಲರ ನಂಬಿಕೆ. ಕೊನೆಯವರು ನಮ್ಮಂಥವರ ಪಾಲಿಗೆ. ಅವ್ವನ ಸರದಿ ಬರುವ ಹೊತ್ತಿಗೆ ಬಯಲು ಖಾಲಿಯಾಗಿತ್ತು.

ಮೇಜಿನ ಹಿಂದಿದ್ದ ಗುಮಾಸ್ತ ಆಕಳಿಸಿದ. “ಹೆಂಚು ಹೊದಿಸೋರೆಲ್ಲ ಮುಗಿದ್ರು ಕಣಮ್ಮ. ಇವನೊಬ್ಬ ಉಳಿದವ್ನೆ. ಏಣಿ ಹತ್ತಿದ್ರೆ ತಲೆ ತಿರುಗ್ತದಂತೆ. ಬೇಕಾ?”

ಉಳಿದವನು ಯತಿರಾಜ. ತರಗತಿಗೇ ಕೊನೆಯವರು. ಉದ್ದ ಕತ್ತು, ಮೊಳಕೈ ಹರಿದ ಅಂಗಿ. ಯಾರಿಗೂ ಬೇಡವಾದ ಹುಡುಗನ ಮುಖದಲ್ಲಿ ಇರಬೇಕಾದ ಬೇಸರವೂ ಇರಲಿಲ್ಲ. ಅವ್ವ ಅವರನ್ನು ಸಂತೆಯಲ್ಲಿ ಕುಂಬಳಕಾಯಿ ನೋಡುವ ಹಾಗೆ ಸುತ್ತ ನೋಡಿದಳು.

“ಏನಪ್ಪಾ, ಮಾತು ಕಲಿಸೋಕೆ ಬತ್ತದಾ? ನಮ್ಮ ಮಗೀಗೆ ನಾಲಗೆ ತಡೀತದೆ.”

“ನನಗೂ ಮಾತು ಕಡಿಮೇನೇ. ನೋಡ್ತೀನಿ.”

“ಬಂದಷ್ಟು ಬರ್ಲಿ. ಹೆಂಚಿನ ಜಾಗಕ್ಕೆ ಗರಿ ಹೊದಿಸ್ಕೋತೀನಿ, ನಡಿ.”

ಹೀಗೆ ನಾನು ಹೆಂಚಿನ ಬದಲಿಗೆ ಊರಸೇವೆಗೆ ಸಿಕ್ಕೆ.

ಯತಿರಾಜರು ಪ್ರತಿದಿನ ಸಂಜೆ ಬಸ್‌ಸ್ಟ್ಯಾಂಡಿಗೆ ಬಂದು ಅವ್ವನ ಬುಟ್ಟಿಯ ಪಕ್ಕದ ಕಲ್ಲುಬೆಂಚಿನ ಮೇಲೆ ಕೂರುತ್ತಿದ್ದರು. ಪುಸ್ತಕವಿಲ್ಲ, ಬೆತ್ತವಿಲ್ಲ. ಬಂದ ಬಸ್ಸಿನ ಬೋರ್ಡು ಓದಬೇಕು, ಅಷ್ಟೇ ಪಾಠ. ಕೊಡಗುಂಟೆ ಬಸ್ಸು ನಮ್ಮ ಎದುರಿಗೇ ನಿಲ್ಲುತ್ತಿತ್ತು. ನಾನು ‘ಕೊ’ ಹಿಡಿದುಕೊಳ್ಳುತ್ತಿದ್ದೆ. ಬೆವರುತ್ತಿತ್ತು, ಕಣ್ಣಲ್ಲಿ ನೀರು ಬರುತ್ತಿತ್ತು. “ಅವಸರ ಬೇಡ. ನೀನು ಹೇಳಿ ಮುಗಿಸೋ ತನಕ ಬಸ್ಸು ಹೊರಡಲ್ಲ” ಅನ್ನುತ್ತಿದ್ದರು ಯತಿರಾಜರು. ಇದು ಹಸಿ ಸುಳ್ಳು. ಅದರ ಡ್ರೈವರ್ ಗಿಡ್ಡಯ್ಯ ತನ್ನ ಹೆಂಡತಿಗೂ ಕಾಯುವ ಜಾತಿಯಲ್ಲ. ನಾನು ಎರಡನೆಯ ‘ಕೊ’ದಲ್ಲಿರುವಾಗಲೇ ಹೊಗೆ ಬಿಟ್ಟುಕೊಂಡು ಹೋಗಿಬಿಡುತ್ತಿದ್ದ. “ಇರಲಿ, ನಾಳೆ ಮತ್ತೆ ಬರುತ್ತಲ್ಲ” ಅನ್ನುತ್ತಿದ್ದರು ಯತಿರಾಜರು. ಬೇರೆಯವರೆಲ್ಲ ನನ್ನ ಮಾತನ್ನು ಬಾಯಿಂದ ಕಿತ್ತುಕೊಂಡು ತಾವೇ ಮುಗಿಸುತ್ತಿದ್ದರು. ಈ ಮನುಷ್ಯ ಒಂದೇ ಒಂದು ಸಲವೂ ಹಾಗೆ ಮಾಡಲಿಲ್ಲ. ಕತ್ತು ಮುಂದೆ ಚಾಚಿಕೊಂಡು, ಮುಂದಿನ ಅಕ್ಷರ ಏನಿರಬಹುದೆಂದು ನಿಜವಾಗಿಯೂ ಗೊತ್ತಿಲ್ಲದವರ ಹಾಗೆ ಕಾಯುತ್ತಿದ್ದರು. ಆ ಕಾಯುವಿಕೆಗಾಗಿ ನನಗೆ ಅವರ ಮೇಲೆ ಪ್ರಾಣ.

ಪರೀಕ್ಷೆಯ ಹೊತ್ತಿಗೆ ನಾನು ನಾಲ್ಕೈದು ಏಟಿಗೆ ಕೊಡಗುಂಟೆ ಅನ್ನುತ್ತಿದ್ದೆ. ವಿಶ್ವವಿದ್ಯಾಲಯದವರು ಬಂದು ಕೇಳಿಸಿಕೊಂಡು ‘ತೃಪ್ತಿಕರ’ ಎಂದು ಬರೆದು ಅವರಿಗೆ ಪದವಿ ಕೊಟ್ಟು ಕಳಿಸಿದರು. ಊರಿನಲ್ಲಿ ಯಾರೂ ಬೀಳ್ಕೊಡಲು ಹೋಗಲಿಲ್ಲ. ಅವ್ವ ಒಂದು ಪೊಟ್ಟಣ ಕಡಲೆಕಾಯಿ ಕೊಟ್ಟಳು.

ಆಮೇಲೆ ಒಂದು ಬೆಳಗ್ಗೆ ನಾನು “ಅವ್ವಾ, ಕಾಪಿಗೆ ಬೆಲ್ಲ ಸಾಲ್ದು” ಅಂದೆ. ಒಂದೇ ಉಸಿರಿಗೆ. ಅವ್ವ ಲೋಟ ಕೆಳಗಿಟ್ಟು ಅತ್ತಳು, ಕಣ್ಣೊರೆಸಿಕೊಂಡು ಬೆಲ್ಲ ದುಬಾರಿ ಎಂದು ಬೈದಳು. ಆ ದಿನವೇ ಯತಿರಾಜರಿಗೆ ರಾಜಧಾನಿಯ ನೀರಾವರಿ ಇಲಾಖೆಯಲ್ಲಿ ಕೆಲಸ ಸಿಕ್ಕಿತ್ತೆಂದು ಸಂಘದವರಿಂದ ತಿಳಿಯಿತು. ಅವರಿಗೆ ಮೊದಲ ಬಡ್ತಿ ಬಂದಾಗ ನನ್ನ ಮಾತು ಬೀದಿಯ ತುದಿಗೆ ಕೇಳತೊಡಗಿತು. ಎರಡನೆಯದಕ್ಕೆ ಬಸ್‌ಸ್ಟ್ಯಾಂಡಿನವರು ಕರೆದು ಕೆಲಸ ಕೊಟ್ಟರು. ಅವರು ಮುಖ್ಯ ಎಂಜಿನಿಯರ್ ಆದ ದಿನ ನಾನು ಮೈಕು ಪಕ್ಕಕ್ಕಿಟ್ಟೆ, ಅದರಲ್ಲಿ ಜೇಡ ಗೂಡು ಕಟ್ಟಿತು. ಅಣೆಕಟ್ಟೆಗಳ ಮಂಡಳಿಗೆ ಅಧ್ಯಕ್ಷರಾದ ಮೇಲಂತೂ ನಾನು ಬಸ್ಸು ಕೂಗಿದರೆ ಹಳ್ಳದಾಚೆ ಮೇಯುವ ದನಗಳೂ ಕತ್ತೆತ್ತುತ್ತಿದ್ದವು. ಅದೇ ತರಗತಿಯಲ್ಲಿ ಮೊದಲ ರ‍್ಯಾಂಕ್ ಬಂದವನು ಛತ್ರಕ್ಕೆ ಚಾವಣಿ ಹಾಕಿದ್ದ. ಅದು ಸೋರುತ್ತದೆ. ಊರವರು ಅವ್ವನನ್ನು ಕಂಡಾಗ “ನಿನ್ನ ಅದೃಷ್ಟ ಕಣಮ್ಮ, ಕಸದಲ್ಲಿ ರಸ ಸಿಕ್ತು” ಅನ್ನುತ್ತಿದ್ದರು.

ಸಿಕ್ಕಿದ್ದು ಹೌದು. ಆದರೆ ದೊಡ್ಡ ಹುದ್ದೆಯ ದನಿಗೆ ಸಣ್ಣದಾಗಲು ಬರುವುದಿಲ್ಲ. ನನಗೆ ಪಿಸುಮಾತು ಆಡಲು ಆಗುತ್ತಿರಲಿಲ್ಲ. ಸಾರಿಗೆ ಉಪ್ಪು ಜಾಸ್ತಿ ಅಂದರೆ ಪಕ್ಕದ ಬೀದಿಯವಳು ನೀರು ಬೆರೆಸು ಎಂದು ಅಲ್ಲಿಂದಲೇ ಹೇಳುತ್ತಿದ್ದಳು. ನನ್ನ ಗಂಡ ಒಳ್ಳೆಯವನೇ. ನಮ್ಮ ಸರಸವೆಲ್ಲ ಓಣಿಯ ಪಾಲಾಗುತ್ತದೆಂದು ಪಾಪ, ಮಿಲ್ಲಿನಲ್ಲಿ ರಾತ್ರಿ ಪಾಳಿ ಬರೆಸಿಕೊಂಡ. ಇಷ್ಟು ವರ್ಷದಲ್ಲಿ ನನ್ನಲ್ಲಿ ಒಂದೇ ಒಂದು ಗುಟ್ಟು ಇರಲಿಲ್ಲ. ಆದರೂ ಆ ದನಿ ಹೋಗುವುದೆಂದರೆ ನನಗೆ ಭಯವಾಗುತ್ತಿತ್ತು, ಇದನ್ನು ಮುಚ್ಚಿಡುವುದೇನು. ಕೂಗುವ ಕೆಲಸಕ್ಕೆ ಉಗ್ಗುವವಳನ್ನು ಯಾರು ಇಟ್ಟುಕೊಳ್ಳುತ್ತಾರೆ? ಮತ್ತೆ ಶಾಂತಾ ಆಗುವುದು ನನಗೆ ಬೇಡವಾಗಿತ್ತು.

ಮಳೆಗಾಲಕ್ಕೆ ಮುಂಚೆ ಒಂದು ಸಂತೆಯ ದಿನ, ಇಳಿಹೊತ್ತಿನ ಬಸ್ಸಿನಿಂದ ಯತಿರಾಜರು ಇಳಿದರು. ಹಿಂದೆ ಕಾರಿಲ್ಲ, ಜವಾನನಿಲ್ಲ, ಕೈಯಲ್ಲಿ ಒಂದು ಕೈಚೀಲ. ತಲೆ ನರೆತಿತ್ತು, ಕತ್ತು ಮಾತ್ರ ಅಷ್ಟೇ ಉದ್ದ. ಹಳೆಯ ಕಲ್ಲುಬೆಂಚಿನ ಮೇಲೆ ಬಂದು ಕೂತರು. ಅವ್ವ ಗುರುತು ಹಿಡಿದು ಕಡಲೆಕಾಯಿ ಪೊಟ್ಟಣ ಕೈಗಿಟ್ಟಳು.

“ಆರೋಗ್ಯ ಎಂಗೈತೆ ಸ್ವಾಮಿ? ಬಿ.ಪಿ. ಗಿ.ಪಿ.?”

“ಇದೆ ಅಮ್ಮ. ಉಪ್ಪು ಕಡಿಮೆ ಮಾಡಿ ಅಂದಿದ್ದಾರೆ.”

ಅವ್ವ ಉಪ್ಪಿನ ಡಬ್ಬಿ ಕೈಗೆತ್ತಿಕೊಂಡಳು. “ಇನ್ನೊಂಚೂರು ಉಪ್ಪು ಉದುರಿಸ್ಲಾ?” ಅಂದಳು. ಕಾಯಂ ಆಗುವ ವಿಷಯ ಅವಳ ತಲೆಯಲ್ಲಿ ಬಂದು ಹೋಯಿತೆಂದು ಅವಳ ಮುಖ ನೋಡಿದರೇ ತಿಳಿಯುತ್ತಿತ್ತು. ನಾನು ಅವಳ ಮೇಲೆ ಕಣ್ಣು ಬಿಟ್ಟೆ. ಉಪ್ಪಿನ ಡಬ್ಬಿ ಸೆರಗಿನ ಒಳಗೆ ಹೋಯಿತು.

ಯತಿರಾಜರು ನನ್ನ ಹತ್ತಿರ ಬಗ್ಗಿ ಮೆಲ್ಲಗೆ ಹೇಳಿದರು. “ಶಾಕಾಂಬರಿ, ಹಿರೇಕಣಿವೆಯ ಹೊಸ ಅಣೆಕಟ್ಟೆ ಇದೆಯಲ್ಲ. ಅದರ ಬುಡದಲ್ಲಿ ಬಿರುಕು ಬಿಟ್ಟಿದೆ.”

“ಬಿರುಕಾ?” ಅಂದೆ ನಾನು.

ಬಸ್‌ಸ್ಟ್ಯಾಂಡಿನ ಜನವೆಲ್ಲ ತಿರುಗಿ ನೋಡಿದರು. ಹೋಟೆಲಿನವನು ಸೌಟು ಹಿಡಿದುಕೊಂಡೇ ಹೊರಗೆ ಬಂದ. ಯತಿರಾಜರು ಕಣ್ಣು ಮುಚ್ಚಿ ತೆರೆದರು. ನನ್ನ ದನಿಯ ಸಂಗತಿ ಅವರಿಗೆ ಕಾಗದದಲ್ಲಿ ಗೊತ್ತಿತ್ತು, ಕಿವಿಯಾರೆ ಕೇಳಿದ್ದು ಅದೇ ಮೊದಲು.

“ಸ್ವಲ್ಪ ಮೆಲ್ಲಗೆ...”

“ಮೆಲ್ಲಗೆ ಬರಲ್ಲ ಸಾರ್. ನೀವು ದೊಡ್ಡ ಅಧಿಕಾರಿ.”

ಅವರು ಉಳಿದದ್ದನ್ನು ಹೇಳಿದರು. ಈ ಮಳೆಗೆ ಕಟ್ಟೆಗೆ ನೀರು ತುಂಬಿಸಿ ಉದ್ಘಾಟನೆ ಮಾಡಬೇಕೆಂದು ಮಂತ್ರಿಗಳ ಹಟ. ಕಟ್ಟೆ ಭದ್ರವಾಗಿದೆ ಎಂದು ಮಂಡಳಿಯ ಅಧ್ಯಕ್ಷರಾಗಿ ಇವರು ರುಜು ಹಾಕಬೇಕು. ಹಾಕದಿದ್ದರೆ ಕೆಲಸದಿಂದ ತೆಗೆಯುತ್ತಾರೆ, ಆ ಕುರ್ಚಿಗೆ ಬಂದವನು ಹಾಕುತ್ತಾನೆ. ಬಿರುಕಿನ ಸುದ್ದಿಯನ್ನು ಯಾವ ಪತ್ರಿಕೆಯವರೂ ಮುಟ್ಟುತ್ತಿಲ್ಲ. “ನನಗೆ ರುಜು ಹಾಕೋಕೆ ಆಗಲ್ಲ” ಅಂದರು. “ಆದರೆ ನನ್ನ ಕೆಲಸ ಹೋದರೆ ನಿನ್ನ ದನಿ ಹೋಗುತ್ತೆ. ನಿನ್ನನ್ನು ಕೇಳದೆ ಮಾಡಬಾರದು ಅಂತ ಬಂದೆ.”

“ಕಟ್ಟೆ ಒಡೆದರೆ ನೀರು ಎಲ್ಲಿಗೆ ಬತ್ತದೆ?” ನಾನು ಕೇಳಿದೆ. ಬಸ್‌ಸ್ಟ್ಯಾಂಡೂ ಕೇಳಿಸಿಕೊಂಡಿತು.

ಯತಿರಾಜರು ಬೆರಳು ಮಡಿಸುತ್ತ ನಾಲ್ಕು ಊರಿನ ಹೆಸರು ಹೇಳಿದರು. ಹೇಳುವ ಅಗತ್ಯವಿರಲಿಲ್ಲ. ಬೇವಿನಕಟ್ಟೆ, ಮೂಡ್ಲಾಪುರ, ಕರಡಿಗುಡ್ಡದ ಪಾಳ್ಯ, ಕೊಡಗುಂಟೆ. ಆ ಸಾಲನ್ನು ನಾನು ದಿನಕ್ಕೆ ಎರಡು ಸಲ ಕೂಗುತ್ತೇನೆ. ಗಿಡ್ಡಯ್ಯನ ಬಸ್ಸು ನಮ್ಮೆದುರಿಗೆ ನಿಂತಿತ್ತು, ಸಂತೆ ಮುಗಿಸಿದ ಆ ಊರುಗಳ ಜನ ಆಗಲೇ ಗಂಟುಮೂಟೆ ಹಿಡಿದು ಹತ್ತಿ ಕೂತಿದ್ದರು. ಬೇವಿನಕಟ್ಟೆಯ ಬಳೆಗಾರ್ತಿ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ನೋಡುತ್ತಿದ್ದಳು. ಅವಳಿಗೆ ನನ್ನ ಮಾತು ಮಾತ್ರ ಕೇಳಿಸಿತ್ತು, ಅವರ ಉತ್ತರ ಕೇಳಿಸಿರಲಿಲ್ಲ.

ಅಷ್ಟರಲ್ಲಿ ಹಾಲಪ್ಪನವರು ಪಂಚೆ ಎತ್ತಿ ಕಟ್ಟಿಕೊಂಡು ಓಡೋಡಿ ಬಂದರು. ‘ಬಿರುಕಾ’ ಅವರ ಲಾಡ್ಜಿಗೂ ಮುಟ್ಟಿತ್ತು. ಬಂದವರೇ ಯತಿರಾಜರ ಕೈ ಹಿಡಿದುಕೊಂಡರು.

“ಏನ್ ಸ್ವಾಮಿ ಇದು? ಹಾಕ್ಬಿಡಿ ಒಂದು ರುಜು. ರುಜು ಹಾಕಿದ್ರೆ ಇಂಕು ತಾನೆ ಖರ್ಚು? ಈ ಹೆಣ್ಣುಮಗಳ ಗತಿ ಯೋಚ್ನೆ ಮಾಡಿ. ಈ ದನಿ ಅಂದ್ರೆ ನಮ್ಮ ಊರಿನ ಆಸ್ತಿ. ಕಾಲುಸೇತುವೆ ಸೊಟ್ಟಗಾಗಿದ್ದೇ ಸಾಕಾಗಿದೆ ನಮಗೆ.”

“ಹಾಲಪ್ಪನೋರೇ, ಜನ ಸಾಯ್ತಾರೆ” ಅಂದೆ.

“ಸಾಯ್ತಾರೆ ಅಂತ ಯಾರಮ್ಮ ಹೇಳಿದ್ದು? ಒಡೆದ್ರೆ ತಾನೆ? ದೇವರಿದ್ದಾನೆ. ನೀನು ಬಾಯಿ ಮುಚ್ಚು, ನಿನ್ನ ಒಳ್ಳೇದಕ್ಕೇ ಹೇಳ್ತಿರೋದು.”

ಬಾಯಿ ಮುಚ್ಚು ಎಂದರೆ ನನಗೆ ಮೊದಲಿಂದಲೂ ಆಗುವುದಿಲ್ಲ. ಬಾಯಿ ತಾನಾಗಿಯೇ ಮುಚ್ಚಿಕೊಂಡಿದ್ದ ವರ್ಷಗಳನ್ನು ನಾನು ಕಂಡವಳು. ಅವ್ವನ ಕಡೆ ನೋಡಿದೆ. ಅವಳು ಬುಟ್ಟಿಯ ಕಡಲೆಕಾಯಿಯಲ್ಲಿ ಕೈಯಾಡಿಸುತ್ತ ಕೂತಿದ್ದಳು. “ನನ್ನನ್ನೇನ್ ನೋಡ್ತೀಯೇ?” ಅಂದಳು. “ನೀನು ಮಾತಾಡ್ದಿದ್ದಾಗ್ಲೂ ಸಾಕಿದೀನಿ.”

ಅಷ್ಟು ಸಾಕಾಯಿತು. ನಾನು ಎದ್ದೆ. “ಸಾರ್, ಪೇಪರಿನೋರು ಹಾಕ್ದಿದ್ರೆ ಬೇಡ. ಕೂಗ್ಲಾ?”

ಯತಿರಾಜರು ನನ್ನನ್ನು ನೋಡಿದರು, ಬಸ್ಸನ್ನು ನೋಡಿದರು. ತಾವು ಮಾಡಿಕೊಟ್ಟ ಊರಸೇವೆ ಯಾವುದಕ್ಕೆ ಒದಗುತ್ತದೆಂದು ಅವರಿಗೆ ಆಗಲೇ ಹೊಳೆದದ್ದು. “ಕೂಗು” ಅಂದರು.

ಹಾಲಪ್ಪನವರು ತಲೆಯ ಮೇಲೆ ಕೈ ಹೊತ್ತುಕೊಂಡು ಕಂಟ್ರೋಲರ್ ಕೋಣೆಯ ಫೋನಿನ ಕಡೆಗೆ ಓಡಿದರು. ಆಮೇಲೆ ತಿಳಿದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ಅವರು ಮಂತ್ರಿಗಳ ಮನೆಗೇ ಫೋನು ಹಚ್ಚಿ, “ನಮ್ಮ ಯತಿರಾಜ ಬಂಗಾರದಂಥೋನು ಸಾರ್. ಹಿರೇಕಣಿವೆ ಬಿರುಕಿನ ವಿಷಯ ನಮ್ಮ ಬಸ್‌ಸ್ಟ್ಯಾಂಡಲ್ಲಿ ಏನೋ ಹೇಳ್ತಿದ್ದಾನೆ, ತಾವು ದಯವಿಟ್ಟು ಮನಸ್ಸಿಗೆ ಹಚ್ಕೋಬೇಡಿ, ಕೆಲಸದಲ್ಲಿ ಇಟ್ಕೊಳ್ಳಿ” ಎಂದು ಬೇಡಿಕೊಂಡರಂತೆ. ಯತಿರಾಜರು ಇಲ್ಲಿಗೆ ಬಂದು ಬಾಯಿ ಬಿಟ್ಟ ವಿಷಯ ಅಲ್ಲಿಯ ತನಕ ರಾಜಧಾನಿಯಲ್ಲಿ ಒಂದು ನರಪಿಳ್ಳೆಗೂ ತಿಳಿದಿರಲಿಲ್ಲ. ನನ್ನ ದನಿ ಎಷ್ಟೇ ದೊಡ್ಡದಾದರೂ ಅಷ್ಟು ದೂರ ಹೋಗುತ್ತಿರಲಿಲ್ಲ. ಹೋದದ್ದು ಹಾಲಪ್ಪನವರ ಶಿಫಾರಸು.

ನಾನು ಬಸ್ಸು ಕೂಗುವ ಜಗಲಿಯ ಮೇಲೆ ಹತ್ತಿ ನಿಂತೆ. ಇದೇ ಕೊನೆಯ ಕೂಗು ಎಂದು ಗೊತ್ತಿತ್ತು.

“ಪ್ರಯಾಣಿಕರ ಗಮನಕ್ಕೆ” ಅಂದೆ. ಹಳ್ಳದಾಚೆಯ ದನಗಳು ಕತ್ತೆತ್ತಿರಬೇಕು. “ಹಿರೇಕಣಿವೆ ಕಟ್ಟೆಯ ಬುಡ ಬಿರುಕು ಬಿಟ್ಟಿದೆ. ಈ ಮಳೆಗೆ ನೀರು ತುಂಬಿಸಿದರೆ ಒಡೆಯುತ್ತದೆ. ಇದನ್ನು ಅಣೆಕಟ್ಟೆಗಳ ಮಂಡಳಿಯ ಅಧ್ಯಕ್ಷರೇ ಬಂದು ಹೇಳಿದ್ದಾರೆ. ಒಡೆದರೆ ನೀರು ನುಗ್ಗುವ ಊರುಗಳು. ಬೇವಿನಕಟ್ಟೆ.”

ಬಸ್ಸಿನಲ್ಲಿ ಬಳೆಗಾರ್ತಿ ಅಯ್ಯೋ ಶಿವನೇ ಅಂದಳು.

“ಮೂಡ್ಲಾಪುರ. ಕರಡಿಗುಡ್ಡದ ಪಾಳ್ಯ. ಕೊ—”

ಬಾವಿಗೆ ಬಿಟ್ಟ ಹಗ್ಗ ಕೈಯಿಂದ ಜಾರಿಹೋದ ಹಾಗಾಯಿತು. ಆ ದೊಡ್ಡ ದನಿ ಗಂಟಲಿಂದ ಇಳಿದು ಹೋಯಿತು, ಅದರ ಜಾಗದಲ್ಲಿ ಹಳೆಯ ತಡೆ ಬಂದು ಕೂತಿತು. ನನಗೆ ಅದರ ಗುರುತು ಹತ್ತಿತು. ರಾಜಧಾನಿಯಲ್ಲಿ ಯತಿರಾಜರ ಕುರ್ಚಿ ಹೋಗಿತ್ತು. “ಕೊ” ಅಂದೆ. “ಕೊ, ಕೊ.” ಅಷ್ಟೂ ನನ್ನ ಸೀರೆಯ ಸೆರಗಿಗೆ ಮಾತ್ರ ಕೇಳುವಷ್ಟು.

ಬಸ್ಸಿನ ಹಿಂದಿನ ಸೀಟುಗಳಲ್ಲಿ ಕೊಡಗುಂಟೆಯವರು ಕೂತಿದ್ದರು. ಎಲ್ಲರಿಗಿಂತ ತಗ್ಗಿನ ಊರು ಅದು. ಒಬ್ಬ ಮುದುಕ ಅಂಗೈಯನ್ನು ಕಿವಿಗೆ ಆನಿಸಿಕೊಂಡು, ತನ್ನೂರಿನ ಹೆಸರು ಬರದೇ ಇರಲಿ ಎಂದು ನನ್ನ ಬಾಯಿಯನ್ನೇ ನೋಡುತ್ತಿದ್ದ. ಇಷ್ಟು ವರ್ಷ ಕೇಳಿ ಕೇಳಿ ಆ ಸಾಲು ಎಲ್ಲರಿಗೂ ಬಾಯಿಪಾಠ. ಹೋಟೆಲಿನವನು ತಡೆಯಲಾರದೆ “ಕೊಡ...” ಎಂದು ಬಾಯಿ ತೆಗೆದ. ಯತಿರಾಜರು ಅವನ ಕಡೆ ನೋಡದೆಯೇ ಕೈಯೆತ್ತಿದರು. ಅವನು ಸೌಟನ್ನು ಬಾಯಿಗೆ ಅಡ್ಡ ಹಿಡಿದುಕೊಂಡ.

ಯತಿರಾಜರು ಕತ್ತು ಮುಂದೆ ಚಾಚಿಕೊಂಡು ಕಾಯುತ್ತಿದ್ದರು. ಮುಂದಿನ ಅಕ್ಷರ ಏನಿರಬಹುದೆಂದು ನಿಜವಾಗಿಯೂ ಗೊತ್ತಿಲ್ಲದವರ ಹಾಗೆ.

ಆಗ ಗಿಡ್ಡಯ್ಯ ಎಂಜಿನ್ ಆಫ್ ಮಾಡಿದ. ನಿವೃತ್ತಿಗೆ ಬಂದವನು, ಜೀವಮಾನದಲ್ಲಿ ಯಾರಿಗೂ ಕಾದವನಲ್ಲ. ಸ್ಟೀರಿಂಗಿನ ಮೇಲೆ ಎರಡೂ ಮೊಳಕೈ ಊರಿಕೊಂಡು, “ನಿಧಾನಕ್ಕೆ ಹೇಳು ತಾಯಿ” ಅಂದ. “ನೀನು ಹೇಳೋಗಂಟ ಬಸ್ಸು ಹೊರಡಲ್ಲ.”

ನಾನು ನಿಧಾನಕ್ಕೆ ಹೇಳಿದೆ. ಎಷ್ಟು ಹೊತ್ತು ಹಿಡಿಯಿತೋ ಗೊತ್ತಿಲ್ಲ. ‘ಕೊ’ ಬಿಟ್ಟು ‘ಡ’ಕ್ಕೆ ಬಂದೆ, ‘ಡ’ದಲ್ಲಿ ಉಸಿರು ಎಳೆದುಕೊಂಡೆ, ‘ಗುಂ’ ಅಂತ ಹೊರಗೆ ಹಾಕಿದೆ. “ಕೊಡಗುಂಟೆ.” ಮುದುಕ ಕಿವಿಯಿಂದ ಕೈ ಇಳಿಸಿ, “ಆಯ್ತವ್ವ, ಕೇಳಿಸ್ತು” ಅಂದ. ಗಿಡ್ಡಯ್ಯ ಎಂಜಿನ್ ಶುರು ಮಾಡಿ, ಹಾರನ್ನಿನಿಂದ ಕೈ ತೆಗೆಯದೆ ಹೋದ.

ಆ ಮಳೆಗಾಲ ಹಿರೇಕಣಿವೆಗೆ ನೀರು ತುಂಬಿಸಲಿಲ್ಲ. ಮಂಡಳಿಯ ಹೊಸ ಅಧ್ಯಕ್ಷನೇನೋ ರುಜು ಹಾಕಿದ, ಆದರೆ ನಾಲ್ಕು ಊರಿನವರು ಹೆಂಗಸರು ಮಕ್ಕಳ ಸಮೇತ ಬಂದು ತೂಬಿನ ಬಾಗಿಲಲ್ಲೇ ಒಲೆ ಹೂಡಿ ಕೂತರು. ಕಂಟ್ರೋಲರು ಮೈಕಿನಿಂದ ಜೇಡನನ್ನು ಬಿಡಿಸಿ ನನ್ನ ಮುಂದಿಟ್ಟ. ನಾನು ಈಗಲೂ ಬಸ್ಸು ಕೂಗುತ್ತೇನೆ, ಎಲ್ಲ ಬಸ್ಸುಗಳೂ ಸ್ವಲ್ಪ ತಡವಾಗಿ ಹೊರಡುತ್ತವೆ. ಜನ ಮೊದಮೊದಲು ಗೊಣಗಿದರು, ಆಮೇಲೆ ಆ ಹೊತ್ತಿನಲ್ಲಿ ಒಂದು ಕಾಫಿ ಕುಡಿಯುವ ಅಭ್ಯಾಸ ಮಾಡಿಕೊಂಡರು. ಹೋಟೆಲಿನವನಿಗೆ ನನ್ನ ಉಗ್ಗಿನ ಮೇಲೆ ಬಹಳ ಗೌರವ. ಸಂಘದವರು ಯತಿರಾಜರ ಹೆಸರು ತೆಗೆದುಹಾಕಿ ಅವರಿಗೆ ಲೇಹ್ಯ ಕಳಿಸುವುದನ್ನು ನಿಲ್ಲಿಸಿದರು. ಲೇಹ್ಯ ನಿಂತ ಮೇಲೆ ಅವರ ಬಿ.ಪಿ. ಇಳಿದಿದೆಯಂತೆ.

ಆದರೆ ನಾನು ಹೇಳಬೇಕಾದದ್ದು ಆ ಸಂಜೆಯದು. ಬಸ್ಸು ಹೋದ ಮೇಲೆ ನಾನು ಜಗಲಿಯಿಂದ ಇಳಿದು ಕಲ್ಲುಬೆಂಚಿಗೆ ಬಂದು ಕೂತೆ. ಹಾಲಪ್ಪನವರು ಫೋನಿಟ್ಟು ಹೊರಗೆ ಬಂದು, ನಮ್ಮಿಬ್ಬರ ಮುಖ ನೋಡಿ ಲಾಡ್ಜಿನ ಕಡೆಗೆ ನಡೆದರು. ಯತಿರಾಜರು ಪೊಟ್ಟಣದಲ್ಲಿ ಉಳಿದಿದ್ದ ಕಡಲೆಕಾಯಿ ಬಿಡಿಸುತ್ತ, ಅರ್ಧ ನನಗೆ ಕೊಡುತ್ತ, ಅರ್ಧ ತಾವು ತಿನ್ನುತ್ತ ಕೂತಿದ್ದರು. ಈಗ ಅವರು ಯಾರೂ ಅಲ್ಲ, ನನ್ನ ದನಿಯೂ ಯಾರದ್ದೂ ಅಲ್ಲ. ನನಗೆ ಅಳು ಬಂತು. ಅದರ ಹಿಂದೆಯೇ, ಯಾಕೋ, ನಗುವೂ ಬಂತು. ನಾನು ಅವರ ಕಿವಿಯ ಹತ್ತಿರ ಬಗ್ಗಿ ಒಂದು ಮಾತು ಹೇಳಿದೆ. ಮೂರೇ ಪದ, ತಡೆದು ತಡೆದು ಹೇಳಿ ಮುಗಿಸುವ ಹೊತ್ತಿಗೆ ಅವರ ಕೈಯ ಕಡಲೆಕಾಯಿ ಮುಗಿದಿತ್ತು. ಅವರು ಕೇಳಿಸಿಕೊಂಡು ಕಣ್ಣು ಒರೆಸಿಕೊಂಡರು. ಏನು ಹೇಳಿದೆನೆಂದು ಇಲ್ಲಿ ಹೇಳುವುದಿಲ್ಲ, ನನ್ನಲ್ಲಿರುವ ಗುಟ್ಟು ಇದೊಂದೇ.

ಒಂದು ಮಾರು ದೂರದಲ್ಲಿ ಕೂತಿದ್ದ ಅವ್ವ ಬುಟ್ಟಿಯಿಂದ ತಲೆಯೆತ್ತಿದಳು.

“ಏನಂದ್ಯೇ?” ಅಂದಳು. “ಇತ್ಲಾಗೆ ಒಂಚೂರೂ ಕೇಳಿಸ್ಲಿಲ್ಲ.”